ಎದೆಯೊಳಗೊಂದು ಕ್ಯಾಮೆರಾ

ಈ ಸಿನಿಮಾದ ಕಥೆ ಹೇಳಿಬಿಟ್ಟರೆ ಅರ್ಧ ವಿಮರ್ಶೆ ಮುಗಿದಂತೆ. ಜೇನ್ ಜೆನೆ ಎಂಬ ಗೂಢಚಾರಿಣಿ ನಗ್ನತಾವಾದಿಗಳ ಶಿಬಿರವೊಂದರಲ್ಲಿ ರಜೆ ಕಳೆಯುತ್ತಿದ್ದಾಳೆ. ಇಲಾಖೆಯಿಂದ ಕರೆ ಬರುತ್ತದೆ. ಹೆರಾಯಿನ್ ಮಾರುವ ಜಾಲವೊಂದು ದೇಶಕ್ಕೆ ಕಂಟಕವಾಗಿದೆ. ಅದರ ಯಜಮಾನ ಇವಾನ್ ಟೋಪ್ಲರ್ ಯಾರೆಂಬುದೇ ಗೊತ್ತಿಲ್ಲ. ಜಾಲದವರನ್ನು ಒಬ್ಬೊಬ್ಬರಾಗಿ ಹುಡುಕಿ ಮುಗಿಸಬೇಕು, ಮುಗಿಸಿದ್ದಕ್ಕೆ ಸಾಕ್ಷಿಯಾಗಿ ಫೋಟೊ ತೆಗೆದುಕೊಳ್ಳಬೇಕು. ಅದಕ್ಕಾಗಿ ವೈದ್ಯರು ಶಸ್ತ್ರಚಿಕಿತ್ಸೆ ಮಾಡಿ ಅವಳ ಎಡ ಸ್ತನದೊಳಗೆ ಒಂದು ಕ್ಯಾಮೆರಾ ಕೂರಿಸುತ್ತಾರೆ. ಜೊತೆಗೆ ಒಂದು ಬಾಂಬು. ಗೊತ್ತುಪಡಿಸಿದ ಅವಧಿಯೊಳಗೆ ಕೆಲಸ ಮುಗಿಸಿ ಬಂದು ತೆಗೆಸಿಕೊಳ್ಳದಿದ್ದರೆ ಅದು ಸಿಡಿಯುತ್ತದೆ. ಮುಂದಿನದು ಊಹಿಸುವಂಥದ್ದೇ. ಕೊಲೆ, ಕುಪ್ಪಸ ಸರಿಸುವುದು, 'ಕ್ಲಿಕ್' ಎಂಬ ಸದ್ದು. ಮತ್ತೆ ಕೊಲೆ, ಮತ್ತೆ ಕ್ಲಿಕ್. ಕಡೆಗೆ ಅವಳು ಮೆಚ್ಚಿದ ಗಂಡಸೇ ಟೋಪ್ಲರ್ ಎಂದು ಗೊತ್ತಾಗುತ್ತದೆ.

1974ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ಈ ಚಿತ್ರದ ಹೆಸರು 'ಡಬಲ್ ಏಜೆಂಟ್ 73'. ನಿರ್ದೇಶಕಿ ಡೋರಿಸ್ ವಿಶ್‌ಮನ್, ನಾಯಕಿ ಚೆಸ್ಟಿ ಮಾರ್ಗನ್. ಜೇಮ್ಸ್ ಬಾಂಡ್‌ನ 007ರಲ್ಲಿ ಸೊನ್ನೆಗಳೆರಡೂ ಕೊಲ್ಲುವ ಪರವಾನಗಿಯ ಗುರುತು. ಇಲ್ಲಿನ 73 ನಾಯಕಿಯ ಎದೆಯ ಸುತ್ತಳತೆ, ಅಂಗುಲಗಳಲ್ಲಿ. ಜಾಹೀರಾತಿನಲ್ಲಿ ಹಾಕಬೇಕಾದ ಅಂಕಿಯನ್ನೇ ಪಾತ್ರಕ್ಕೆ ಇಲಾಖೆಯ ಸಂಖ್ಯೆಯಾಗಿ ಕೊಟ್ಟುಬಿಟ್ಟಿದ್ದಾರೆ. ಹೀಗೆ ನಾಚಿಕೆಯಿಲ್ಲದೆ ತನ್ನ ವ್ಯಾಪಾರವನ್ನು ಬೋರ್ಡು ಬರೆದು ತೂಗುಹಾಕುವ ಸಿನಿಮಾದ ಮೇಲೆ ನನಗೆ ಒಂದು ಬಗೆಯ ಗೌರವವೂ ಇದೆ. ಎಷ್ಟು ಗೌರವ, ಎಲ್ಲಿಯವರೆಗೆ ಎಂಬುದನ್ನು ಹೇಳುವುದೇ ಈ ಬರಹದ ಕೆಲಸ.

ಬಾಂಡ್ ಚಿತ್ರಗಳ ಗಾಳಿ ಬೀಸಿದ್ದು 1962ರ 'ಡಾ. ನೋ'ದಿಂದ. ನಾಲ್ಕೈದು ವರ್ಷಗಳಲ್ಲಿ ಅದರ ಅಣಕಗಳೇ ಒಂದು ಉದ್ಯಮವಾದವು. 'ಅವರ್ ಮ್ಯಾನ್ ಫ್ಲಿಂಟ್', ಡೀನ್ ಮಾರ್ಟಿನ್ನನ ಮ್ಯಾಟ್ ಹೆಲ್ಮ್ ಸರಣಿ, ಬೂಟಿನಲ್ಲಿ ಫೋನು ಅಡಗಿಸಿಕೊಂಡ ಟೆಲಿವಿಷನ್ನಿನ 'ಗೆಟ್ ಸ್ಮಾರ್ಟ್', 1967ರ ದುಬಾರಿ ಗೊಂದಲ 'ಕ್ಯಾಸಿನೊ ರಾಯಲ್'. ಆ ಗಾಳಿ ಮದರಾಸಿನ ಸ್ಟುಡಿಯೋಗಳಿಗೂ ತಾಕಿತ್ತು. ದೊರೈ-ಭಗವಾನ್ ಜೋಡಿ 1968ರಲ್ಲಿ 'ಜೇಡರ ಬಲೆ' ಮಾಡಿ ರಾಜ್‌ಕುಮಾರ್ ಅವರನ್ನು ಸಿಐಡಿ 999 ಆಗಿಸಿದ್ದು ಇದೇ ಅಲೆಯಲ್ಲಿ. ಅಲ್ಲಿಯೂ ಹಣ ಕಡಿಮೆ, ಉಪಕರಣಗಳು ರಟ್ಟಿನವು. ಆದರೆ ನಾಯಕನ ವರ್ಚಸ್ಸಿನಿಂದ ಬಡತನ ಮುಚ್ಚಿಹೋಗುತ್ತಿತ್ತು. ವಿಶ್‌ಮನ್ ಈ ಕಣಕ್ಕಿಳಿಯುವ ಹೊತ್ತಿಗೆ ಅಲೆ ಇಳಿದಿತ್ತು, ಮುಚ್ಚಿಕೊಳ್ಳಲು ಅಂಥ ನಾಯಕನೂ ಇರಲಿಲ್ಲ. ಆಕೆಯ ಬಳಿ ಇದ್ದದ್ದು ಒಂದು ಅಂಕಿ.

ಆ ಅಂಕಿಯಿಂದ ಆಕೆ ಹುಟ್ಟಿಸಿದ ಕಲ್ಪನೆ ಮಾತ್ರ ನಿಜಕ್ಕೂ ಚುರುಕಾದದ್ದು. ಅಗ್ಗದ ಶೃಂಗಾರ ಚಿತ್ರಗಳ ಚಿತ್ರಕಥೆಗಾರರಿಗೆ ಒಂದು ಖಾಯಂ ತಲೆನೋವಿತ್ತು. ಹತ್ತು ನಿಮಿಷಕ್ಕೊಮ್ಮೆ ನಾಯಕಿ ಬಟ್ಟೆ ಬಿಚ್ಚಬೇಕು, ಪ್ರತಿ ಸಲವೂ ಏನಾದರೊಂದು ನೆಪ ಬೇಕು. ಸ್ನಾನ, ನಿದ್ರೆ, ಮಳೆ, ಬಟ್ಟೆ ಅಂಗಡಿ. ವಿಶ್‌ಮನ್ ಮತ್ತು ಚಿತ್ರಕಥೆ ಬರೆದ ಜೂಡಿ ಕುಶ್ನರ್ ಇಡೀ ಚಿತ್ರಕ್ಕೆ ಒಂದೇ ನೆಪ ಕಂಡುಹಿಡಿದರು. ಇಲ್ಲಿ ಬಟ್ಟೆ ಸರಿಸುವುದು ಸರ್ಕಾರಿ ಕರ್ತವ್ಯ. ಗಮನಿಸಬೇಕಾದ್ದು, ಹೀಗೆ ಯೋಚಿಸಿದವರಿಬ್ಬರೂ ಹೆಂಗಸರು. ಬಾಂಡ್ ಚಿತ್ರಗಳಲ್ಲಿ ಉಪಕರಣ ಸಾಮಾನ್ಯವಾಗಿ ಮೈಯಿಂದ ಹೊರಗಿನದು: ಗಡಿಯಾರ, ಪೆನ್ನು, ಕಾರು. ಹೆಣ್ಣಿನ ಮೈ ಅಲ್ಲಿ ಅಲಂಕಾರ ಮಾತ್ರ. 'ಗೋಲ್ಡ್‌ಫಿಂಗರ್'ನಲ್ಲಿ ಮೈಗೆಲ್ಲ ಚಿನ್ನದ ಬಣ್ಣ ಬಳಿಸಿಕೊಂಡು ಮಂಚದ ಮೇಲೆ ಸತ್ತು ಮಲಗಿದ ಹುಡುಗಿಯನ್ನು ನೆನೆಸಿಕೊಳ್ಳಿ. ಇಟಲಿಯ ಎಲಿಯೊ ಪೆಟ್ರಿ 1965ರ 'ದಿ ಟೆಂತ್ ವಿಕ್ಟಿಮ್'ನಲ್ಲಿ ಉರ್ಸುಲಾ ಆಂಡ್ರೆಸ್‌ಗೆ ಗುಂಡು ಹಾರಿಸುವ ಒಳಕುಪ್ಪಸ ತೊಡಿಸಿದ್ದ. ಆದರೆ ಅದು ತೊಟ್ಟು ಕಳಚುವ ಆಯುಧ. ವಿಶ್‌ಮನ್ ಅದನ್ನು ಚರ್ಮದೊಳಗೇ ಇಟ್ಟಳು. ಎಲ್ಲರೂ ದಿಟ್ಟಿಸುವ ಅಂಗವೇ ತಿರುಗಿ ದಿಟ್ಟಿಸತೊಡಗಿತು. ಹಾಗೆ ನೋಡಿಸಿಕೊಂಡ ಗಂಡಸು ಫೋಟೊ ತೆಗೆಸಿಕೊಳ್ಳುವ ಹೊತ್ತಿಗೆ ಹೆಣವಾಗಿರುತ್ತಾನೆ.

ಬ್ರಿಟಿಷ್ ವಿದ್ವಾಂಸೆ ಲಾರಾ ಮಲ್ವಿ 'ಸ್ಕ್ರೀನ್' ಪತ್ರಿಕೆಯಲ್ಲಿ ತಮ್ಮ ಪ್ರಸಿದ್ಧ ಪ್ರಬಂಧ ಪ್ರಕಟಿಸಿದ್ದು ಈ ಚಿತ್ರ ಬಂದ ಮರುವರ್ಷ, 1975ರಲ್ಲಿ. ಹಾಲಿವುಡ್ ಸಿನಿಮಾದಲ್ಲಿ ನೋಡುವವನು ಗಂಡು, ನೋಡಿಸಿಕೊಳ್ಳುವವಳು ಹೆಣ್ಣು. ಕ್ಯಾಮೆರಾ ಗಂಡಸಿನ ಕಣ್ಣಿನ ಪರವಾಗಿ ಕೆಲಸ ಮಾಡುತ್ತದೆ ಎಂಬುದು ಅವರ ವಾದದ ತಿರುಳು. ಆ ವಾದಕ್ಕೆ ಉದಾಹರಣೆಯನ್ನೂ ಅಪವಾದವನ್ನೂ ಒಟ್ಟಿಗೆ ಹೊತ್ತ ಸಿನಿಮಾವೊಂದು ಆಗಲೇ ಡ್ರೈವ್-ಇನ್‌ಗಳಲ್ಲಿ, ನ್ಯೂಯಾರ್ಕಿನ 42ನೇ ಬೀದಿಯಂಥ ಕಡೆಯ ಹಳಸಲು ಥಿಯೇಟರುಗಳ ಲೋಕದಲ್ಲಿ ಸುತ್ತುತ್ತಿತ್ತು. ಈ ಕಾಕತಾಳೀಯದ ಮೇಲೆ ದೊಡ್ಡ ಸಿದ್ಧಾಂತ ಕಟ್ಟುವ ಆಸೆ ಯಾವ ವಿಮರ್ಶಕನಿಗೂ ಆದೀತು. ನನಗೂ ಆಯಿತು. ಆದರೆ ಸಿನಿಮಾವನ್ನೇ ಮುಂದಿಟ್ಟುಕೊಂಡು ನೋಡಿದರೆ ಆ ಕಟ್ಟಡಕ್ಕೆ ಪಾಯವಿಲ್ಲ. ಕಲ್ಪನೆ ಹೊಳೆದದ್ದು ನಿಜ, ಅದನ್ನು ಬೆಳೆಸುವ ಕೆಲಸವನ್ನು ಯಾರೂ ಮಾಡಿಲ್ಲ. ಮೂರನೆಯ ಕ್ಲಿಕ್ಕಿಗೆ ನಗು ಇಳಿಯುತ್ತದೆ, ಐದನೆಯ ಕ್ಲಿಕ್ಕಿಗೆ ಗಡಿಯಾರ ನೋಡಿಕೊಳ್ಳುವಂತಾಗುತ್ತದೆ.

ಕೈಬಿಟ್ಟು ಹೋದದ್ದೆಂದರೆ ಆ ಬಾಂಬು. ತನ್ನದೇ ಉದ್ಯೋಗಿಯ ಮೈಯೊಳಗೆ ಇಲಾಖೆ ಸ್ಫೋಟಕ ಹುದುಗಿಸಿದೆ. ಶತ್ರುವಿಗಿಂತ ಯಜಮಾನನೇ ಅಪಾಯಕಾರಿ ಎಂದಾಯಿತಲ್ಲ! ದೇಶ, ಕರ್ತವ್ಯ ಎಂಬ ಹೆಸರಿನಲ್ಲಿ ಹೆಣ್ಣೊಬ್ಬಳ ದೇಹ ಸರ್ಕಾರದ ಸ್ವತ್ತಾಗುವ ಈ ಸಂಗತಿಯಲ್ಲಿ ಕಪ್ಪು ಹಾಸ್ಯದ ಒಂದು ಗಣಿಯೇ ಇತ್ತು. ಸಮರ್ಥ ಬರಹಗಾರ ಒಬ್ಬನಾದರೂ ಹತ್ತಿರ ಸುಳಿದಿದ್ದರೆ ಆ ಇಲಾಖೆಯ ಕಚೇರಿಯ ದೃಶ್ಯಗಳೇ ಸಿನಿಮಾದ ಜೀವಾಳವಾಗುತ್ತಿದ್ದವು. ಇಲ್ಲಿ ಬಾಂಬು ಬರಿಯ ಗಡುವು. ಟಿಕ್ ಟಿಕ್ ಎನ್ನಿಸುವುದಕ್ಕಷ್ಟೇ ಇದೆ, ಅದನ್ನೂ ನೆಟ್ಟಗೆ ಎನ್ನಿಸುವುದಿಲ್ಲ.

ವಿಶ್‌ಮನ್ ಈ ದಾರಿಗೆ ಬಂದ ಬಗೆ ಸಿನಿಮಾಕ್ಕಿಂತ ಸ್ವಾರಸ್ಯಕರ. 1912ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದಾಕೆ. ಚಿತ್ರ ವಿತರಣೆಯ ಕಚೇರಿಯಲ್ಲಿ ಕೆಲಸ ಮಾಡಿ ಆ ವ್ಯಾಪಾರ ಬಲ್ಲವಳು. 1958ರಲ್ಲಿ ಗಂಡ ಹೃದಯಾಘಾತದಿಂದ ತೀರಿಕೊಂಡ. ದುಃಖದಲ್ಲಿ ಮನಸ್ಸು ತೊಡಗಿಸಲು ಏನಾದರೊಂದು ಬೇಕಿತ್ತು, ಸಿನಿಮಾ ಮಾಡಿದೆ ಎಂದು ಆಕೆ ಹೇಳಿಕೊಂಡಿದ್ದಾಳೆ. ನಲವತ್ತರ ನಡುವಯಸ್ಸಿನಲ್ಲಿ, ನಿರ್ದೇಶನದ ಯಾವ ತರಬೇತಿಯೂ ಇಲ್ಲದೆ, ಗಂಡಸರೇ ತುಂಬಿದ್ದ ಅಗ್ಗದ ಸಿನಿಮಾ ಮಾರುಕಟ್ಟೆಗೆ ಇಳಿದ ಹೆಂಗಸು.

ಕಾನೂನೂ ಆಕೆಗೆ ದಾರಿ ಬಿಟ್ಟಿತ್ತು. 'ಗಾರ್ಡನ್ ಆಫ್ ಈಡನ್' ಎಂಬ ಚಿತ್ರದ ಮೊಕದ್ದಮೆಯಲ್ಲಿ ನ್ಯೂಯಾರ್ಕಿನ ಮೇಲ್ಮನವಿ ನ್ಯಾಯಾಲಯ 1957ರಲ್ಲಿ ಒಂದು ತೀರ್ಪು ಕೊಟ್ಟಿತು: ನಗ್ನತಾವಾದಿಗಳ ಶಿಬಿರದಲ್ಲಿ ಜನ ಬೆತ್ತಲೆ ಓಡಾಡುವುದನ್ನು ತೋರಿಸಿದ ಮಾತ್ರಕ್ಕೆ ಅದು ಅಶ್ಲೀಲವಾಗದು. ಅಷ್ಟೇ ಸಾಕಾಯಿತು. ವಾಲಿಬಾಲ್ ಆಡುವ, ಈಜುವ ಬೆತ್ತಲೆ ಮಂದಿಯ ಚಿತ್ರಗಳು ಸಾಲುಸಾಲಾಗಿ ಬಂದವು. ವಿಶ್‌ಮನ್‌ಳ ಮೊದಲ ಚಿತ್ರ 'ಹೈಡ್‌ಔಟ್ ಇನ್ ದಿ ಸನ್' ಅಂಥದ್ದೇ. 1961ರಲ್ಲಿ 'ನ್ಯೂಡ್ ಆನ್ ದಿ ಮೂನ್' ಮಾಡಿ ಚಂದ್ರನ ಮೇಲೂ ಒಂದು ಶಿಬಿರ ಹೂಡಿದಳು. ಚಂದ್ರಲೋಕಕ್ಕೆ ಬಳಸಿದ್ದು ಫ್ಲಾರಿಡಾದ ಕೋರಲ್ ಕ್ಯಾಸಲ್ ಎಂಬ ಕಲ್ಲಿನ ತೋಟವನ್ನು. ನ್ಯೂಯಾರ್ಕಿನ ಸೆನ್ಸಾರ್‌ನವರು ಚಿತ್ರವನ್ನು ತಡೆದರು. ಭೂಮಿಯ ಶಿಬಿರಕ್ಕೆ ಕಾನೂನಿನ ರಕ್ಷಣೆಯುಂಟು, ಚಂದ್ರನ ಮೇಲೆ ನಗ್ನತಾವಾದಿಗಳ ಶಿಬಿರ ಇಲ್ಲವಲ್ಲ ಎಂಬುದು ಅವರ ತರ್ಕವಂತೆ. ಈ ಕಥೆಯನ್ನು ಆಕೆಯ ಅಭಿಮಾನಿಗಳು ಇಂದಿಗೂ ಹೇಳಿಕೊಂಡು ನಗುತ್ತಾರೆ. 'ಡಬಲ್ ಏಜೆಂಟ್ 73' ನಗ್ನತಾವಾದಿಗಳ ಶಿಬಿರದಲ್ಲೇ ಶುರುವಾಗುವುದಕ್ಕೆ ಈ ಹಿನ್ನೆಲೆಯಿದೆ. 1974ರಲ್ಲಿ ಅಂಥ ನೆಪದ ಅಗತ್ಯ ಯಾರಿಗೂ ಉಳಿದಿರಲಿಲ್ಲ. ನಿರ್ದೇಶಕಿ ತನ್ನ ಹಳೆಯ ಊರಿಗೆ ಒಮ್ಮೆ ಹೋಗಿಬಂದಂತೆ ಇದೆ ಆ ದೃಶ್ಯ.

ಅಗತ್ಯ ಉಳಿಯದ್ದಕ್ಕೆ ಕಾರಣ 1972ರ 'ಡೀಪ್ ಥ್ರೋಟ್'. ತೋರಿಸಿಯೂ ತೋರಿಸದಂತೆ ಆಡುತ್ತಿದ್ದ ಸೆಕ್ಸ್‌ಪ್ಲಾಯ್ಟೇಷನ್ ಚಿತ್ರಗಳ ಹೊಟ್ಟೆಯ ಮೇಲೆ ಅದು ಹೊಡೆಯಿತು. ನೇರ ಸಂಭೋಗವನ್ನೇ ತೆರೆಯ ಮೇಲೆ ಕಂಡ ಪ್ರೇಕ್ಷಕ ಬರಿಯ ಬೆತ್ತಲೆಗೆ ಟಿಕೆಟ್ ಕೊಳ್ಳುತ್ತಾನೆಯೇ? 1973ರಲ್ಲಿ ಮಿಲ್ಲರ್ ಮೊಕದ್ದಮೆಯ ತೀರ್ಪಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಅಶ್ಲೀಲತೆಯನ್ನು ಅಳೆಯುವಾಗ ಆಯಾ ಸಮುದಾಯದ ಅಳತೆಗೋಲನ್ನು ಬಳಸಬಹುದು ಎಂದಿತು. ಒಂದು ಊರಲ್ಲಿ ಓಡಿದ ಚಿತ್ರ ಪಕ್ಕದ ಊರಲ್ಲಿ ಜೈಲಿಗೆ ಕಳಿಸಬಹುದಾದ ಕಾಲ. ಇಂಥ ಇಕ್ಕಟ್ಟಿನಲ್ಲಿ ವಿಶ್‌ಮನ್ ಹುಡುಕಿದ್ದು ನೇರ ಸಂಭೋಗಕ್ಕೆ ಇಳಿಯದೆಯೂ ಬೋರ್ಡಿನ ಮುಂದೆ ಜನರನ್ನು ನಿಲ್ಲಿಸುವ ಒಂದು ವಿಚಿತ್ರವನ್ನು. ಆ ವಿಚಿತ್ರವೇ ಚೆಸ್ಟಿ ಮಾರ್ಗನ್. ಅವಳನ್ನಿಟ್ಟುಕೊಂಡು ಮೊದಲು ಮಾಡಿದ 'ಡೆಡ್ಲಿ ವೆಪನ್ಸ್'ನಲ್ಲಿ ಪ್ರಿಯಕರನನ್ನು ಕೊಂದ ಪಾತಕಿಗಳನ್ನು ನಾಯಕಿ ಎದೆಗೆ ಅವುಚಿ ಉಸಿರುಗಟ್ಟಿಸಿ ಕೊಲ್ಲುತ್ತಾಳೆ. ಸಾಯುವವರಲ್ಲೊಬ್ಬ 'ಡೀಪ್ ಥ್ರೋಟ್'ನ ನಟ ಹ್ಯಾರಿ ರೀಮ್ಸ್. ತನ್ನ ಕಸುಬನ್ನು ಕೊಂದ ಚಿತ್ರದ ನಾಯಕನನ್ನು ಹೀಗೆ ಕೊಲ್ಲಿಸಿದ್ದರಲ್ಲಿ ಸೇಡು ಇತ್ತೋ, ಬರಿಯ ವ್ಯಾಪಾರದ ಲೆಕ್ಕವೋ. ಎರಡನೆಯದೇ ಇರಬೇಕು.

ಈಗ ಕುಸುರಿಯ ಮಾತು. ವಿಶ್‌ಮನ್‌ಳ ಸಿನಿಮಾ ಮೊದಲ ಸಲ ನೋಡುವವರು ಗಲಿಬಿಲಿಗೊಳ್ಳುವುದು ಒಂದು ಕಾರಣಕ್ಕೆ. ಇಬ್ಬರು ಮಾತಾಡುತ್ತಿರುತ್ತಾರೆ, ತೆರೆಯ ಮೇಲೆ ಆಶ್‌ಟ್ರೇ ಕಾಣುತ್ತದೆ. ಇಲ್ಲವೇ ಬೂಟು, ದೀಪದ ಕಂಬ, ಸೋಫಾದ ಕಾಲು. ಮಾತಾಡುವವಳ ಮುಖ ಬಿಟ್ಟು ಕೇಳಿಸಿಕೊಳ್ಳುವವನ ಮುಖ. ಹಣ ಉಳಿಸಲು ಆಕೆ ಧ್ವನಿಯಿಲ್ಲದೆ ಚಿತ್ರೀಕರಿಸಿ, ಆಮೇಲೆ ಮಾತು ಕೂಡಿಸುತ್ತಿದ್ದಳು. ತುಟಿ ಕಾಣದಿದ್ದರೆ ತುಟಿ ಹೊಂದಿಸುವ ಕಷ್ಟವೇ ಇಲ್ಲ! ಭಾರತೀಯ ಪ್ರೇಕ್ಷಕರಾದ ನಮಗೆ ಡಬ್ಬಿಂಗ್ ಹೊಸದಲ್ಲ. ಚಿತ್ರೀಕರಣ ಒಂದು ಕಡೆ, ಮಾತು ಇನ್ನೊಂದು ಕಡೆ ಎಂಬುದನ್ನು ದಶಕಗಳ ಕಾಲ ಸಹಜವೆಂದೇ ಒಪ್ಪಿಕೊಂಡಿದ್ದೆವು. ಆದರೆ ನಮ್ಮವರು ತುಟಿ ಹೊಂದಿಸಲು ಬೆವರು ಸುರಿಸಿದರು. ಈಕೆ ತುಟಿಯನ್ನೇ ತಪ್ಪಿಸಿ ನಡೆದಳು.

ಈ ಜಿಪುಣತನದಿಂದ ಹುಟ್ಟಿದ ಪರಿಣಾಮವನ್ನು ಒಪ್ಪಲೇಬೇಕು. ಶೃಂಗಾರ ಚಿತ್ರವೆಂದರೆ ನೋಟ ಒಂದೇ ಕಡೆ ನೆಟ್ಟಿರಬೇಕು. ವಿಶ್‌ಮನ್‌ಳ ಕ್ಯಾಮೆರಾ ಆ ಗಳಿಗೆಯಲ್ಲೇ ಬೇಸರ ಬಂದಂತೆ ಗೋಡೆಯ ಕಡೆಗೋ ಹೂದಾನಿಯ ಕಡೆಗೋ ತಿರುಗಿಬಿಡುತ್ತದೆ. ಉದ್ರೇಕಗೊಳ್ಳಲು ಬಂದವನಿಗೆ ಕಾರ್ಪೆಟ್ಟು ತೋರಿಸಿ ಕಳಿಸುವ ಈ ಪರಿ ಆಕೆಯ 1965ರ ಕಪ್ಪುಬಿಳುಪು ಚಿತ್ರ 'ಬ್ಯಾಡ್ ಗರ್ಲ್ಸ್ ಗೋ ಟು ಹೆಲ್'ನಲ್ಲಿ ಕೆಟ್ಟ ಕನಸಿನ ಗುಣ ಪಡೆದಿತ್ತು. ಸಿ. ಡೇವಿಸ್ ಸ್ಮಿತ್ ಆಕೆಗೆ ಛಾಯಾಗ್ರಾಹಕನಾಗಿ ದುಡಿದ ಆ ಕಾಲದ ಚಿತ್ರಗಳಲ್ಲಿ ಇಕ್ಕಟ್ಟಾದ ಫ್ಲ್ಯಾಟುಗಳೇ ಒಂದು ಪಾತ್ರವಾಗುತ್ತಿದ್ದವು. 'ಡಬಲ್ ಏಜೆಂಟ್ 73'ರ ಬಣ್ಣದಲ್ಲಿ ಆ ಗುಣ ಸೋರಿಹೋಗಿದೆ. ಗೋಡೆಗೆ ಅಂಟಿಸಿದ ಹೂವಿನ ಕಾಗದ, ನಾಯಕಿಯ ದೊಡ್ಡ ವಿಗ್ಗು, ದಪ್ಪ ಅಟ್ಟೆಯ ಚಪ್ಪಲಿ, ಪಾಲಿಯೆಸ್ಟರ್ ಅಂಗಿ. ಎಪ್ಪತ್ತರ ದಶಕದ ಕೆಟ್ಟ ಅಭಿರುಚಿಯ ವಸ್ತುಸಂಗ್ರಹಾಲಯದಂತೆ ನೋಡಲು ಚೆಂದ, ಗೂಢಚಾರ ಚಿತ್ರಕ್ಕೆ ಬೇಕಾದ ಬಿಗಿ ಎಲ್ಲೂ ಇಲ್ಲ. ಹೊಡೆದಾಟಗಳು ಮುಗಿದ ಮೇಲಷ್ಟೇ ಅವು ಹೊಡೆದಾಟಗಳೆಂದು ತಿಳಿಯುತ್ತದೆ.

ಚೆಸ್ಟಿ ಮಾರ್ಗನ್ ಬಗ್ಗೆ ಬರೆದವರಲ್ಲಿ ಹೆಚ್ಚಿನವರು ಎರಡೇ ವಿಷಯ ಬರೆದರು. ಒಂದು ಅಂಗುಲದ್ದು, ಇನ್ನೊಂದು ಅವಳ ಮುಖದಲ್ಲಿ ಯಾವ ಭಾವವೂ ಮೂಡುವುದಿಲ್ಲ ಎಂಬುದು. ಎರಡನೆಯದು ನಿಜ. ಕೊಲ್ಲುವಾಗಲೂ ಪ್ರೀತಿಸುವಾಗಲೂ ಅವಳ ಮುಖ ಬಸ್ಸಿಗೆ ಕಾಯುವವರ ಮುಖದಂತಿರುತ್ತದೆ. ಪೋಲೆಂಡಿನ ಉಚ್ಚಾರ ಗಾಢವಾಗಿದ್ದುದರಿಂದ ತೆರೆಯ ಮೇಲಿನ ಧ್ವನಿಯೂ ಅವಳದಲ್ಲ, ಬೇರೆಯವರದು. ಅಂದಮೇಲೆ ಈ ಚಿತ್ರದಲ್ಲಿ ಅವಳದು ಅಂತ ಉಳಿದದ್ದು ಮೈ ಒಂದೇ. ಆ ಮೈ ನಡೆದುಬಂದ ದಾರಿ ಸಣ್ಣದಲ್ಲ. ಲಿಲಿಯಾನಾ ವಿಲ್ಚ್‌ಕೋವ್ಸ್ಕಾ ಎಂಬ ಹೆಸರಿನ ಈಕೆ ಪೋಲೆಂಡಿನ ಯಹೂದಿ ಕುಟುಂಬದಲ್ಲಿ ಹುಟ್ಟಿ, ನಾಜಿಗಳ ಕಾಲದಲ್ಲಿ ತಬ್ಬಲಿಯಾಗಿ, ಇಸ್ರೇಲಿನಲ್ಲಿ ಬೆಳೆದು, ಮದುವೆಯಾಗಿ ನ್ಯೂಯಾರ್ಕಿಗೆ ಬಂದವಳು. 1965ರಲ್ಲಿ ಬ್ರೂಕ್ಲಿನ್ನಿನ ದರೋಡೆಯೊಂದರಲ್ಲಿ ಗಂಡ ಕೊಲೆಯಾದ. ಇಬ್ಬರು ಹೆಣ್ಣುಮಕ್ಕಳನ್ನು ಸಾಕಬೇಕಾಗಿದ್ದ ವಿಧವೆ ಎಪ್ಪತ್ತರ ದಶಕದ ಆರಂಭದಲ್ಲಿ ಬಟ್ಟೆ ಬಿಚ್ಚುವ ನೃತ್ಯದ ಬರ್ಲೆಸ್ಕ್ ರಂಗಮಂದಿರಗಳಲ್ಲಿ ಪ್ರದರ್ಶನ ಕೊಡತೊಡಗಿದಳು. ಇಟಲಿಯ ನಿರ್ದೇಶಕ ಫೆಲ್ಲಿನಿ ತನ್ನ 'ಕ್ಯಾಸನೋವಾ'ಕ್ಕೆ (1976) ಅವಳ ದೃಶ್ಯ ಚಿತ್ರೀಕರಿಸಿ, ಕಡೆಗೆ ಸಂಕಲನದಲ್ಲಿ ಕತ್ತರಿಸಿಹಾಕಿದ.

ಇದನ್ನು ತಿಳಿದ ಮೇಲೆ ಸಿನಿಮಾ ಒಳ್ಳೆಯದಾಗುವುದಿಲ್ಲ. ಬದುಕಿನ ದುಃಖ ನಟನೆಗೆ ಕೃಪಾಂಕ ಕೊಡುವುದಿಲ್ಲ. ಆದರೆ ನಗುವವರ ನಗು ಯಾರ ಮೇಲೆ ಎಂಬ ಪ್ರಶ್ನೆ ಏಳುತ್ತದೆ. ಎಂಬತ್ತು-ತೊಂಬತ್ತರ ದಶಕಗಳಲ್ಲಿ ವಿಡಿಯೊ ಕ್ಯಾಸೆಟ್ಟಿನ ಮೂಲಕ ವಿಶ್‌ಮನ್ ಚಿತ್ರಗಳಿಗೆ ಹೊಸ ಅಭಿಮಾನಿ ಬಳಗ ಹುಟ್ಟಿತು. ನಿರ್ದೇಶಕ ಜಾನ್ ವಾಟರ್ಸ್ 1994ರ ತನ್ನ 'ಸೀರಿಯಲ್ ಮಾಮ್'ನಲ್ಲಿ 'ಡೆಡ್ಲಿ ವೆಪನ್ಸ್' ತುಣುಕನ್ನೇ ತೋರಿಸಿದ. 'ಎಷ್ಟು ಕೆಟ್ಟದಾಗಿದೆ ನೋಡಿ, ಅದಕ್ಕೇ ಚೆನ್ನಾಗಿದೆ' ಎನ್ನುವ ಈ ರಸಿಕತೆ ನನಗೆ ಬೇಗ ದಣಿವು ತರಿಸುತ್ತದೆ. ಅದರಲ್ಲಿ ನೋಡುವವನು ಯಾವಾಗಲೂ ತೆರೆಗಿಂತ ಮೇಲಿನ ಮೆಟ್ಟಿಲಲ್ಲಿ ನಿಂತಿರುತ್ತಾನೆ. ಮೊದಲ ಬಿಡುಗಡೆಯ ಕಾಲದಲ್ಲಿ ಕತ್ತಲಲ್ಲಿ ಒಬ್ಬನೇ ಕೂತು ನೋಡಿದ ಗಂಡಸಿಗಿಂತ ಅವನೇನೂ ಹೆಚ್ಚು ಸಭ್ಯನಲ್ಲ.

ಇನ್ನೊಂದು ತುದಿಯಲ್ಲಿ ವಿದ್ವತ್ತಿನ ಓದು. ಮೋಯಾ ಲಕೆಟ್, ತಾನ್ಯಾ ಮೊಡ್ಲೆಸ್ಕಿ ಮೊದಲಾದ ಸ್ತ್ರೀವಾದಿ ವಿದ್ವಾಂಸರು ವಿಶ್‌ಮನ್‌ಳನ್ನು ಗಂಭೀರವಾಗಿ ತೆಗೆದುಕೊಂಡರು. ತೆಗೆದುಕೊಂಡದ್ದು ಸರಿಯೇ: ಸುಮಾರು ಮೂವತ್ತು ಚಿತ್ರಗಳನ್ನು ತಾನೇ ನಿರ್ಮಿಸಿ ನಿರ್ದೇಶಿಸಿದ ಹೆಂಗಸು ಅಮೆರಿಕದ ಸಿನಿಮಾ ಇತಿಹಾಸದಲ್ಲಿ ಎಷ್ಟು ಮಂದಿ ಸಿಗುತ್ತಾರೆ? ಆದರೆ ನಿರ್ದೇಶಕಿ ಹೆಣ್ಣೆಂದ ಮಾತ್ರಕ್ಕೆ ಕ್ಯಾಮೆರಾ ಹೆಣ್ಣಿನ ಪರ ನಿಂತಿತೆಂದು ಹೇಳಲಾಗದು. ಜೇನ್ ಜೆನೆ ಕೊಲ್ಲುತ್ತಾಳೆ, ಗೆಲ್ಲುತ್ತಾಳೆ, ಯಾರ ಕೈಗೂ ಸಿಗುವುದಿಲ್ಲ. ಅದೇ ಹೊತ್ತಿಗೆ ಅವಳ ಪ್ರತಿ ಗೆಲುವಿಗೂ ಬಟ್ಟೆ ಸರಿಸುವ ತೆರಿಗೆ ಕಟ್ಟಬೇಕು. ಈ ಎರಡನ್ನೂ ಚಿತ್ರ ಅಕ್ಕಪಕ್ಕ ಇಟ್ಟು ಸುಮ್ಮನಾಗುತ್ತದೆ. ಅದರ ಬಗ್ಗೆ ಯೋಚಿಸುವುದು ನಮ್ಮ ಪಾಲಿನ ಕೆಲಸವಾಗುತ್ತದೆ, ವಿಶ್‌ಮನ್‌ಳಿಗೆ ಮುಂದಿನ ದೃಶ್ಯದ ಖರ್ಚಿನ ಚಿಂತೆ.

ಹಾಗಾದರೆ ಇದು ಅಣಕವೇ? ನಾಯಕಿಯ ಹೆಸರು ಫ್ರೆಂಚ್ ಲೇಖಕ ಜಾನ್ ಜೆನೆಯ ಹೆಸರನ್ನು ತಿರುಚಿದಂತೆ ಕೇಳಿಸುವುದು ನೋಡಿದರೆ ಬರೆದವರಿಗೆ ತುಂಟತನ ಇದ್ದಿರಬೇಕು. ಉಳಿದಂತೆ ಚಿತ್ರ ಒಮ್ಮೆಯೂ ಕಣ್ಣು ಮಿಟುಕಿಸುವುದಿಲ್ಲ. ವೈದ್ಯರು, ಮೇಲಧಿಕಾರಿ, ಖಳರು ಎಲ್ಲರೂ ಎದೆಯೊಳಗಿನ ಕ್ಯಾಮೆರಾದ ಬಗ್ಗೆ ಕಂದಾಯ ಇಲಾಖೆಯ ಕಡತದ ಬಗ್ಗೆ ಮಾತಾಡುವಷ್ಟೇ ಗಂಭೀರವಾಗಿ ಮಾತಾಡುತ್ತಾರೆ. 1997ರಲ್ಲಿ ಬಂದ 'ಆಸ್ಟಿನ್ ಪವರ್ಸ್'ನಲ್ಲಿ ಎದೆಯಿಂದ ಗುಂಡು ಹಾರಿಸುವ ಯಂತ್ರ ಕನ್ಯೆಯರಿದ್ದಾರೆ; ಅಲ್ಲಿ ಪ್ರತಿ ತಮಾಷೆಯ ನಂತರವೂ 'ಅರ್ಥವಾಯಿತೇ?' ಎಂದು ಮೊಣಕೈ ತಿವಿಯುತ್ತಾರೆ. ಅಷ್ಟು ಹಣವಿದ್ದ ಆ ಚಿತ್ರಕ್ಕಿಂತ ಈ ಬಡ ಚಿತ್ರದ ಬಿಗಿದ ಮುಖವೇ ನನಗೆ ಇಷ್ಟ. ಬಾಂಡ್ ಚಿತ್ರಗಳು ಹತ್ತು ವರ್ಷ ಸೂಟು, ಷಾಂಪೇನು, ಸಮುದ್ರ ತೀರಗಳ ಮರೆಯಲ್ಲಿ ಮಾರಿದ ಸರಕನ್ನು ವಿಶ್‌ಮನ್ ಪೊಟ್ಟಣ ಬಿಚ್ಚಿ ಮೇಜಿನ ಮೇಲಿಟ್ಟಳು. ಸೂಟು ಕೊಳ್ಳಲು ದುಡ್ಡಿಲ್ಲದ್ದರಿಂದ ಹಾಗಾಯಿತು ಎನ್ನಿ. ಆದರೂ ಇಟ್ಟದ್ದು ಇಟ್ಟದ್ದೇ.

ಮುಂದಿನ ಕಥೆ ಚಿಕ್ಕದು. 1975ರ 'ದಿ ಇಮ್ಮಾರಲ್ ತ್ರೀ'ಯಲ್ಲಿ ಜೇನ್‌ಳ ಮೂವರು ಹೆಣ್ಣುಮಕ್ಕಳು ತಾಯಿಯ ಕೊಲೆಗೆ ಸೇಡು ತೀರಿಸಿಕೊಳ್ಳಲು ಹೊರಡುತ್ತಾರೆ. ಚೆಸ್ಟಿ ಮಾರ್ಗನ್ ಅದರಲ್ಲಿಲ್ಲ, ಅವಳಿಲ್ಲದ ಮೇಲೆ ಅದರಲ್ಲಿ ನೋಡುವಂಥದ್ದೂ ಇಲ್ಲ. ವಿಶ್‌ಮನ್ ಮುಂದೆ ಫ್ಲಾರಿಡಾದಲ್ಲಿ ಲೈಂಗಿಕ ಸಾಮಗ್ರಿಗಳ ಅಂಗಡಿಯಲ್ಲಿ ಕೆಲಸ ಮಾಡಿದಳು, ಎಂಬತ್ತು ದಾಟಿದ ಮೇಲೆ ಮತ್ತೆ ಕ್ಯಾಮೆರಾ ಹಿಡಿದಳು, 2002ರ ಆಗಸ್ಟಿನಲ್ಲಿ ತೀರಿಕೊಂಡಳು. ಆಗಲೂ ಒಂದು ಚಿತ್ರ ಅರ್ಧದಲ್ಲಿತ್ತು.

ನೋಡಬೇಕೆನ್ನುವವರಿಗೆ ನನ್ನ ಸಲಹೆ: ಮೊದಲು 'ಬ್ಯಾಡ್ ಗರ್ಲ್ಸ್ ಗೋ ಟು ಹೆಲ್' ನೋಡಿ, ವಿಶ್‌ಮನ್‌ಳ ಕೈಗೆ ಏನು ಸಾಧ್ಯವಿತ್ತೆಂದು ತಿಳಿಯುತ್ತದೆ. ಆಮೇಲೆ ಇದಕ್ಕೆ ಬನ್ನಿ, ಗೆಳೆಯರ ಗುಂಪು ಕಟ್ಟಿಕೊಂಡು ನಗಲೆಂದೇ ಬರಬೇಡಿ. ಒಂದೂಕಾಲು ಗಂಟೆಯ ಈ ಸಿನಿಮಾದಲ್ಲಿ ಶಸ್ತ್ರಚಿಕಿತ್ಸೆ ಮುಗಿದು ಮೊದಲ ಫೋಟೊ ತೆಗೆಯುವವರೆಗಿನ ಭಾಗ ಎರಡು ಸಲ ನೋಡುವಷ್ಟು ಚೆನ್ನಾಗಿದೆ. ಉಳಿದದ್ದನ್ನು ಒಂದು ಸಲ ನೋಡಿದರೆ ಸಾಕು.